ಹೆಸರು ಹಿಡಿದು ಕರೆದದ್ದು

ಮೆದುಳಿನ ನರಗಳ ಜಾಡು ತೋರಿಸುವ ನರಪಥದರ್ಶಿಯ ಪರದೆಯ ಮೇಲೆ ಸಾವಿರಾರು ಹಸಿರು ಚುಕ್ಕೆಗಳು ಮಿನುಗುತ್ತಿದ್ದವು. ಒಂದೊಂದು ಚುಕ್ಕೆಯೂ ವಿರೂಪಾಕ್ಷಪ್ಪನವರ ಮೆದುಳಿಗೆ ಬಿಟ್ಟಿದ್ದ ಒಂದೊಂದು ಹೊಸ ಕೋಶ. ಎಲ್ಲವೂ ಜೀವಂತವಾಗಿದ್ದವು, ಆದರೆ ಒಂದಾದರೂ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ.

ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ವಿರೂಪಾಕ್ಷಪ್ಪ, ನೀರಿನ ಟ್ಯಾಂಕು ನೋಡಲು ಮಾಳಿಗೆ ಏರಿ, ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಸತ್ತ ನರಕೋಶಗಳ ಜಾಗಕ್ಕೆ ಅವರದೇ ಅಸ್ಥಿಮಜ್ಜೆಯಿಂದ ಬೆಳೆಸಿದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬಿಡಲಾಗಿತ್ತು. ಆದರೂ ಕಣ್ಣು ತೆರೆದಿರಲಿಲ್ಲ.

"ಹೊಸಾ ಕೋಶ ಹಾಕೀರಿ, ಇನ್ನೂ ಯಾಕ ಏಳವಲ್ರು?" ಎಂದು ಹೆಂಡತಿ ಸಾವಂತ್ರೆವ್ವ ಕೇಳಿದರು.

ಉಡುಪಿ ಕಡೆಯ ತರುಣ ವಿಜ್ಞಾನಿ ಡಾ. ತ್ರಿವಿಕ್ರಮ ಉಪಾಧ್ಯರಿಗೆ ಇನ್ನೂ ಮದುವೆಯಾಗಿರಲಿಲ್ಲ. ಆದರೂ ಉಪಮೆ ಸಂಸಾರದ್ದೇ ಸಿಕ್ಕಿತು. "ಹೊಸ ಸೊಸೆ ಮನೆಗೆ ಬಂದ ಹಾಗೆ ಅಮ್ಮಾ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹಳಬರೇ ತೋರಿಸಬೇಕು. ಆಪ್ತರ ದನಿ ಕೇಳಿದರೆ ಹಳೆಯ ನರಗಳು ಎಚ್ಚರಗೊಳ್ಳುತ್ತವೆ, ಆ ಜಾಡು ಹಿಡಿದು ಹೊಸವು ಹೋಗಿ ಬೆಸೆದುಕೊಳ್ಳುತ್ತವೆ. ಸೋಮವಾರದೊಳಗೆ ಬೆಸೆಯದಿದ್ದರೆ ಸತ್ತುಹೋಗುತ್ತವೆ. ನೀವು ಅವರನ್ನು ಹೆಸರು ಹಿಡಿದು ಕರೆಯಬೇಕು."

"ನಾನು? ಅವರ ಹೆಸರ ಹಿಡದು? ಶಿವಾ ಶಿವಾ!"

ಸಾವಂತ್ರೆವ್ವನವರ ಮನೆತನದಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಅಡ್ಡಗಟ್ಟಿ ಪೀಡಿಸಿದಾಗ ಮಾತ್ರ, ಪ್ರಾಸಕಟ್ಟಿದ ಒಡಪಿನಲ್ಲಿ ಅಡಗಿಸಿ ಹೇಳಬಹುದಿತ್ತು. ಮದುವೆಯ ದಿನವೂ ಆಕೆ ನಾಚಿ ಓಡಿಹೋಗಿದ್ದವರು. ಆದರೆ ಗಂಡನ ಜೀವದ ಮುಂದೆ ನಾಚಿಕೆ ಯಾವ ಲೆಕ್ಕ? ಸೆರಗು ಸರಿಮಾಡಿಕೊಂಡು ಶುರುಮಾಡಿದರು:

"ಬೆಳಗಾವಿ ಕುಂದಾ ಬಾಯಾಗ ಕರಗತೈತಿ ಮೆತ್ತಗ, ವಿರೂಪಾಕ್ಷಪ್ಪನವರ ಹೆಸರ ಹೇಳತೀನಿ, ನಗಬ್ಯಾಡ್ರಿ, ಕೇಳ್ರಿ ಸುಮ್ಮಗ!"

ನರ್ಸುಗಳು ನಕ್ಕೇಬಿಟ್ಟರು. ಚುಕ್ಕೆಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಮರುದಿನ ಒಡಪು ಬಿಟ್ಟು ಬರೀ ಹೆಸರನ್ನೇ ಕರೆದರು, ಗಂಟಲು ಕಟ್ಟುವವರೆಗೂ ಕರೆದರು. ಭಾನುವಾರ ಸಂಜೆ ಉಪಾಧ್ಯರು ಮೆಲ್ಲಗೆ, "ಇನ್ನು ಸಾಕಮ್ಮಾ," ಎಂದರು. ಸಾವಂತ್ರೆವ್ವನವರಿಗೆ ದುಃಖದ ಜೊತೆಗೆ ಸಿಟ್ಟೂ ಬಂತು. ಗಂಡನ ಕಡೆ ತಿರುಗಿ ಗದರಿದರು:

"ರೀ! ಎಷ್ಟೊತ್ತರೀ ಮಲಗೋದು? ಚಾ ಆರಾಕತ್ತೈತಿ, ಏಳ್ರಿ!"

ಪರದೆಯ ಮೇಲೆ ಚುಕ್ಕೆಗಳು ಎದ್ದೆವೋ ಬಿದ್ದೆವೋ ಎಂದು ಓಡತೊಡಗಿದವು.

ಉಪಾಧ್ಯರು ಹಣೆ ಚಚ್ಚಿಕೊಂಡರು. ದನಿ ಪರಿಚಯದ್ದು, ಹೆಸರೂ ಪರಿಚಯದ್ದು. ಆದರೆ ಆ ದನಿಯಲ್ಲಿ ಆ ಹೆಸರನ್ನು ವಿರೂಪಾಕ್ಷಪ್ಪ ಜನ್ಮದಲ್ಲೇ ಕೇಳಿರಲಿಲ್ಲ!

ಕೆಲವೇ ವಾರಗಳಲ್ಲಿ ಅವರು ಎದ್ದು ಕುಳಿತರು, ಚಹಾ ಕುಡಿದರು, ಆಸ್ಪತ್ರೆಯ ಫ್ಯಾನಿನ ಮೋಟಾರು ಸರಿಯಿಲ್ಲವೆಂದು ಬೈದರು. "ನಿಮ್ಮ ಹೆಸರೇನು?" ಎಂದು ಕೇಳಿದಾಗ ಮಾತ್ರ ಹೆಮ್ಮೆಯಿಂದ, "ರೀ!" ಎಂದರು. ಹೊಸ ಕೋಶಗಳು ದಾರಿ ಮಾಡಿಕೊಂಡದ್ದೇ ಆ ಒಂದು ಶಬ್ದದ ಮೇಲೆ. ಮಾತಿಗೊಂದು 'ರೀ' ಹಚ್ಚುವ ಹುಬ್ಬಳ್ಳಿಯಲ್ಲಿ ಇದರ ಫಜೀತಿ ಕೇಳಬೇಕೆ? ವಾರ್ಡಿನಲ್ಲಿ ಯಾರು ಯಾರನ್ನೇ ಮಾತಾಡಿಸಲಿ, ಇವರು, "ಹೂಂ, ಬಂದೆ," ಎಂದು ಎದ್ದು ಹೊರಡುತ್ತಿದ್ದರು.

ತನ್ನ ಹೆಸರೇ ಗೊತ್ತಿಲ್ಲದ ಮನುಷ್ಯನನ್ನು ಬೀದಿಗೆ ಬಿಡುವುದು ಹೇಗೆ? ಹೆಸರು ಕಲಿಸುವ ಪಾಠ ಸಾವಂತ್ರೆವ್ವನವರ ಪಾಲಿಗೆ ಬಂತು. ದಿನವೂ ಪಕ್ಕದಲ್ಲಿ ಕುಳಿತು, "ವಿರೂಪಾಕ್ಷಪ್ಪ ಅನ್ರಿ," ಎನ್ನುವರು. ಅವರು ತಲೆಯಾಡಿಸಿ, "ನೆನಪಾಗವಲ್ದು, ಇನ್ನೊಮ್ಮೆ ಹೇಳು," ಎನ್ನುವರು.

ಒಂದು ಬೆಳಿಗ್ಗೆ ನರಪಥದರ್ಶಿಯನ್ನು ನೋಡುತ್ತಿದ್ದ ಉಪಾಧ್ಯರಿಗೆ ಅಚ್ಚರಿಯಾಯಿತು. ಆಕೆ ಬಾಯಿ ತೆರೆಯುವ ಮೊದಲೇ ಹೆಸರಿನ ಜಾಡು ಝಗ್ಗನೆ ಬೆಳಗಿತ್ತು. ಆಕೆಯನ್ನು ಹೊರಗೆ ಕರೆದು, "ಅಮ್ಮಾ, ಅವರಿಗೆ ಹೆಸರು ನೆನಪಾಗಿದೆ. ನಿಮ್ಮ ಬಾಯಿಂದ ಕೇಳಲಿಕ್ಕೆ ನಾಟಕ ಮಾಡ್ತಿದ್ದಾರೆ!" ಎಂದರು.

"ಗೊತ್ತೈತ್ರಿ," ಎಂದರು ಸಾವಂತ್ರೆವ್ವ, ಕೆನ್ನೆ ಕೆಂಪಾಗಿ. "ಹ್ವಾದ ವಾರನ ಫೋನಿನ್ಯಾಗ ಯಾರಿಗೋ ಹೆಸರ ಹೇಳಾಕತ್ತಿದ್ರು, ಕೇಳೀನಿ. ನೀವು ಬಾಯಿ ಬಿಡಬ್ಯಾಡ್ರಿ ಡಾಕ್ಟರ. ಹೆಸರ ಹಿಡದು ಕರ್ಯಾಕ ನನಗೂ ಒಂದ ನೆಪ ಬೇಕಲ್ಲರಿ?"