ಅಲುಗದೆ ನಿಂತ ಹೊತ್ತು

ಫೋಟೋ ಸ್ಟುಡಿಯೋ ಇದ್ದದ್ದು ಸ್ಟ್ರಾಂಡ್ ಬೀದಿಯ ಕಟ್ಟಡವೊಂದರ ತುತ್ತತುದಿಯಲ್ಲಿ, ಗಾಜಿನ ಚಾವಣಿಯ ಕೆಳಗೆ. ಲಂಡನ್ನಿನ ಹೊಗೆಯಲ್ಲಿ ಬೆಳಕು ಬೇಕೆಂದರೆ ಅಷ್ಟು ಮೆಟ್ಟಿಲು ಹತ್ತಲೇಬೇಕು. ಆಂಬ್ರೋಸ್ ಅಲ್ಲಲ್ಲಿ ನಿಂತು ಕೆಮ್ಮಿಕೊಂಡು ಬಂದ.

"ತಡವಾಯ್ತಲ್ಲ ಮಹಾರಾಜ್ರೇ," ಅಂದೆ, ರಾಣಿಯ ವೇಷ ತೊಟ್ಟು ಕಾಯುತ್ತಿದ್ದ ನಾನು.

"ಬೇಕಂತಲೇ ತಡ ಮಾಡ್ದೆ. ಕಾಯುವಾಗ ನಿನ್ನ ಮೂಗಿನ ತುದಿ ಕೆಂಪಾಗುತ್ತೆ. ನೋಡೋಕೆ ಎಷ್ಟು ಚೆಂದ."

"ಫೋಟೋ ಕಾರ್ಡಲ್ಲಿ ಕೆಂಪೆಲ್ಲ ಕಪ್ಪಾಗುತ್ತೆ. ಊರವರೆಲ್ಲ ನನ್ನನ್ನ ಮಸಿ ಮೂಗಿನ ರಾಣಿ ಅಂತಾರೆ ಅಷ್ಟೇ."

ರಂಗದ ಮೇಲೆ ನಾವಿಬ್ಬರೂ ವರ್ಷಗಟ್ಟಲೆ ಪ್ರೇಮಿಗಳು. ನಮ್ಮ ಜೋಡಿ ಕಾರ್ಡು ಅಂಗಡಿ ಕಿಟಕಿಗಳಲ್ಲಿ ಬಿಷಪ್ಪರ ಫೋಟೋಗಳ ಪಕ್ಕದಲ್ಲೇ ನಿಂತು ಮಾರಾಟವಾಗುತ್ತಿತ್ತು. ಹುಡುಗಿಯರು ಕೊಂಡು ಆಲ್ಬಮ್ಮಿಗೆ ಸೇರಿಸುತ್ತಿದ್ದರು. ರಂಗದಿಂದ ಇಳಿದ ಮೇಲೆ ಮಾತ್ರ ಇವನು ಪ್ರೀತಿಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಬಿಂಕ ಬಿಡಲಿಲ್ಲ.

ಆವತ್ತು ಸಂಜೆ ಅವನು ಆಸ್ಟ್ರೇಲಿಯಾದ ಹಡಗು ಹತ್ತಬೇಕಿತ್ತು. ಅವನ ಎದೆಯ ಕಾಯಿಲೆಗೆ ಅಲ್ಲಿನ ಬಿಸಿಲೇ ಮದ್ದಂತೆ. ಹೊರಡುವ ಮೊದಲು ಕೊನೆಯದೊಂದು ಕಾರ್ಡು. ಇವತ್ತಾದರೂ ಬಾಯಿ ಬಿಡುತ್ತಾನಾ ಎಂದು ನನ್ನ ಜೀವ ಕಾಯುತ್ತಿತ್ತು.

ಫೋಟೋ ತೆಗೆಯುವ ಕ್ರಂಪ್ಟನ್ ತಲೆ ಅಲುಗದಂತೆ ನನ್ನ ಕತ್ತಿನ ಹಿಂದೆ ಕಬ್ಬಿಣದ ಕವಲು ಕೂರಿಸಿ ತಿರುಪು ಬಿಗಿದರು. ಆಂಬ್ರೋಸನನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿ, ಅವನ ಬಾಯಿ ನನ್ನ ಕೂದಲಲ್ಲಿ ಮರೆಯಾಗುವಂತೆ ಬಾಗಿಸಿದರು.

"ಮಿಸ್ ಲ್ಯಾನ್ಯನ್, ಉಸಿರು ಬಿಗಿಹಿಡೀರಿ. ತುಟಿ ಅಲುಗಿದ್ರೂ ಚಿತ್ರ ಹಾಳು. ಚಿತ್ರ ಮೂಡಿಸೋಕೆ ಸಿದ್ಧವಾಗಿರೋ ಗಾಜು ಇದೊಂದೇ."

ಕ್ಯಾಮೆರಾದ ಮುಚ್ಚಳ ತೆಗೆದರು. ಕೂದಲ ಮರೆಯಿಂದ ಪಿಸುದನಿ ಬಂತು.

"ಹೆಟ್ಟಿ, ನಾಟಕದಲ್ಲಿ ನಿನ್ನ ಕೈ ಹಿಡಿದಾಗೆಲ್ಲ ನಾನು ನಟಿಸ್ತಿರ್ಲಿಲ್ಲ. ಮದುವೆಯಾಗ್ತೀಯಾ ಅಂತ ದಿನಾ ಕೇಳ್ಬೇಕು ಅನ್ಕೋತಿದ್ದೆ ಕಣೇ."

ಹೂಂ ಅನ್ನುವ ಮಾತು ತುಟಿಯವರೆಗೂ ಬಂತು. ಆದರೂ ನಾನು ಅಲುಗಲಿಲ್ಲ. ನಮ್ಮಿಬ್ಬರ ಕೊನೆಯ ಚಿತ್ರ, ಕೈಯಾರೆ ಹೇಗೆ ಕೆಡಿಸಲಿ?

ಕ್ಯಾಮೆರಾಕ್ಕೆ ಮತ್ತೆ ಮುಚ್ಚಳ ಬಿತ್ತು. ಕ್ರಂಪ್ಟನ್ ಬಂದು ತಿರುಪು ಬಿಚ್ಚುವಷ್ಟರಲ್ಲಿ ಆಂಬ್ರೋಸ್ ಮೆಟ್ಟಿಲಿಳಿದಾಗಿತ್ತು. ರಾಣಿಯ ವೇಷದಲ್ಲೇ, ಲಂಗ ಎತ್ತಿ ಹಿಡಿದು ಓಡಿದೆ. ಬೀದಿಯಲ್ಲಿ ಅವನು ಬಾಡಿಗೆ ಗಾಡಿಗೆ ಕಾಲಿಡುತ್ತಿದ್ದ.

"ಹೇಡಿ! ಕೇಳಿ ಓಡಿ ಹೋಗ್ತೀಯಾ? ನಾನೂ ಬರ್ತೀನಿ ನಡಿ."

ಅವನು ಕರವಸ್ತ್ರ ಬಾಯಿಗೊತ್ತಿ ಕೆಮ್ಮಿದ. ಮಡಿಸಿ ಬಚ್ಚಿಡುವ ಮೊದಲೇ ರಕ್ತ ನನ್ನ ಕಣ್ಣಿಗೆ ಬಿತ್ತು.

"ಬಿಸಿಲು ಮದ್ದು ಅನ್ನೋದೆಲ್ಲ ಸುಳ್ಳು ಹೆಟ್ಟಿ. ಹಡಗಲ್ಲೇ ಮುಗೀಬಹುದು ಅಂದ್ರು ಡಾಕ್ಟ್ರು. ನಿನ್ನ ಕಣ್ಣೆದುರಿಗೆ ಬೇಡ ಅಂತ ಹೊರಟೆ."

"ಮತ್ಯಾಕೆ ಕೇಳ್ದೆ?"

"ಕೇಳದೆ ಸಾಯೋಕಾಗ್ಲಿಲ್ಲ. ಕೇಳಿದ್ರೆ ನೀನು ಹೂಂ ಅಂದುಬಿಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ನೀನು ಬಾಯಿ ತೆಗೆಯೋಕಾಗದ ಹೊತ್ತು ನೋಡಿ ಕೇಳ್ದೆ."

ನನ್ನ ಬೆರಳುಗಳನ್ನು ಒಮ್ಮೆ ಒತ್ತಿ ಹಿಡಿದ. ಆಮೇಲೆ ಬಿಡಿಸಿಕೊಂಡು, ಹೊರಡು ಎಂದು ಗಾಡಿಯವನಿಗೆ ಸನ್ನೆ ಮಾಡಿದ.

ಜನ ನಿಂತು ನೋಡುತ್ತಿದ್ದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಹೂಂ, ಹೂಂ ಎಂದು ಕೂಗುತ್ತಲೇ ಇದ್ದೆ.