ಅಂಗೈ ಮೂಡಿದ ಇಟ್ಟಿಗೆ

“ಆ ಇಟ್ಟಿಗೆ ಮೇಲೆ ಬರಿಗೈ ಇಡಬೇಡಿ ಮೇಡಂ. ಅದರಲ್ಲೂ ನೀವು,” ಎಂದಳು ಕಸ ಗುಡಿಸುವ ಮುದುಕಿ.

“ಕಚ್ಚುತ್ತಾ?” ಎಂದು ತಂಗಿ ನಕ್ಕಳು. ಎರಡೆರಡು ಡಿಗ್ರಿ ಮಾಡಿದವಳು, ಇಟ್ಟಿಗೆಗೆ ಹೆದರುತ್ತಾಳೆಯೇ? ವಿವರ ಫಲಕಗಳನ್ನು ಬರೆಯಲೆಂದು ಅವಳನ್ನು ಈ ಮ್ಯೂಸಿಯಮ್ಮಿಗೆ ಕರೆಸಿಕೊಂಡಿದ್ದು ಇಲ್ಲಿನ ಮೇಲ್ವಿಚಾರಕಿಯಾದ ಅವಳ ಅಕ್ಕ. ಮುದುಕಿ ಇನ್ನೇನೋ ಹೇಳುವವಳಿದ್ದಳು. ಅಕ್ಕನ ಹೆಜ್ಜೆ ಸಪ್ಪಳ ಕೇಳಿದ್ದೇ ತುಟಿ ಬಿಗಿದು, ಪೊರಕೆ ಎತ್ತಿಕೊಂಡು ಹೊರಟುಹೋದಳು.

ಪರದೇಶದವರು ಆಳುವ ಕಾಲದಲ್ಲಿ ಅವರ ಅಧಿಕಾರಿಯೊಬ್ಬ ಕಟ್ಟಿಸಿದ ಕೆಂಪು ಇಟ್ಟಿಗೆಯ ಬಂಗಲೆ ಅದು. ನಡುಹಗಲಲ್ಲೂ ಒಳಕೋಣೆಗೆ ಕಾಲಿಡಲು ಬೆಳಕು ಹಿಂದೆಮುಂದೆ ನೋಡುತ್ತಿತ್ತು. ಹಳೆಯ ಸುಣ್ಣದ, ಬಾವಲಿ ಹಿಕ್ಕೆಯ, ಒದ್ದೆ ಮಣ್ಣಿನ ವಾಸನೆ. ಮೂಲೆಯ ಗೋಡೆಯಲ್ಲಿ, ಎದೆಯೆತ್ತರಕ್ಕೆ, ಒಂದು ದಪ್ಪ ಇಟ್ಟಿಗೆ. ಅದರ ಮೇಲೆ ಹೆಣ್ಣಿನ ಎಡಗೈಯ ಅಚ್ಚು.

ಅದರ ಕತೆಯನ್ನೇ ಅವಳು ಬರೆಯಬೇಕಿತ್ತು. ಇಟ್ಟಿಗೆ ಮಾಡುವ ಹೆಂಗಸೊಬ್ಬಳ ಮೇಲೆ ಅಧಿಕಾರಿ ಕಳ್ಳತನ ಹೊರಿಸಿದನಂತೆ. ಒಡಹುಟ್ಟಿದ ಅಕ್ಕನೇ ಸುಳ್ಳು ಸಾಕ್ಷಿ ಹೇಳಿದಳಂತೆ. ಕೈ ಕತ್ತರಿಸುವ ಮುನ್ನ ಆ ಹೆಂಗಸು ಹಸಿ ಇಟ್ಟಿಗೆಗೆ ಅಂಗೈ ಒತ್ತಿ, ಮಣಮಣ ಮಂತ್ರ ಹೇಳಿದಳಂತೆ. ಎಲ್ಲ ಅಂತೆಕಂತೆ.

“ಅಳತೆ ಬರೀಬೇಕಲ್ಲ, ನಿನ್ನ ಕೈ ಇಟ್ಟು ನೋಡೇ,” ಎಂದಳು ಅಕ್ಕ. ಅವಳ ಎಡಗೈಗೆ ಎಂದಿನಂತೆ ತೋಳಿನ ತನಕ ಕರಿಯ ಗವಸು. ಆರು ವರ್ಷದಿಂದ ಅದನ್ನು ಕಳಚಿದ್ದನ್ನು ತಂಗಿ ಕಂಡಿರಲಿಲ್ಲ. ಸುಟ್ಟ ಗಾಯ ಎಂದಿದ್ದಳು, ತಂಗಿ ನಂಬಿದ್ದಳು. ಅಕ್ಕ ಹೇಳಿದ್ದನ್ನು ಅವಳು ನಂಬದೆ ಇದ್ದದ್ದಾದರೂ ಯಾವಾಗ?

ಕೈ ಇಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಇಟ್ಟಿಗೆ ಬೆಚ್ಚಗಿತ್ತು. ಒಳಗೆ ಏನೋ ಮಿಡಿಯಿತು. ಕೀಳಹೋದಳು. ಬರಲಿಲ್ಲ. ಬೆರಳ ಸಂದಿಯಲ್ಲಿ ಹಸಿ ಮಣ್ಣು ಉಕ್ಕಿತು. ಮಣಮಣ ಸದ್ದು. ಕಿವಿಯ ಹತ್ತಿರ. ಇನ್ನೂ ಹತ್ತಿರ.

“ಅಕ್ಕಾ, ಎಳಿಯೇ.”

ಅಕ್ಕ ಅಲುಗಲಿಲ್ಲ.

ಕೊನೆಗೆ ಕೈ ತಾನಾಗಿಯೇ ಬಿಟ್ಟುಕೊಂಡಿತು. ಮಣಿಕಟ್ಟಿನ ತನಕ ಕೆಂಪು, ಒರಟು, ಬಿರುಕು. ಬೆರಳು ಮಡಚಿದರೆ ಇಟ್ಟಿಗೆಪುಡಿ ಉದುರಿತು.

ಅಕ್ಕ ಗವಸು ಕಳಚಿದಳು. ಒಳಗೆ ಬಿಳಿಚಿಕೊಂಡ, ನುಣುಪಾದ, ಜೀವವಿರುವ ಕೈ. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಅತ್ತಳು.

“ಧೂಳು ಒರೆಸೋವಾಗ ತಾಗಿತ್ತು ಕಣೇ. ನಮ್ಮದೇ ರಕ್ತದೋರು ಕೈ ಇಟ್ಟರೆ ಮಾತ್ರ ನಮ್ಮನ್ನ ಬಿಡುತ್ತೆ. ಆರು ವರ್ಷ ಹೊತ್ತೆ, ಮೊಣಕೈ ದಾಟಿತ್ತು. ನನಗೆ ಮಗು ಇದೆ. ನಿನಗೆ ಯಾರಿದ್ದಾರೆ?”

“ನೀನಿದ್ದೆ,” ಎಂದಳು ತಂಗಿ.

ಅಷ್ಟರಲ್ಲಿ ಶಾಲೆ ಬಿಟ್ಟ ಅಕ್ಕನ ಮಗಳು “ಚಿಕ್ಕಮ್ಮಾ” ಎಂದು ಓಡಿಬಂದಳು, ಎಂದಿನ ಚಪ್ಪಾಳೆಯಾಟಕ್ಕೆ ಎರಡೂ ಅಂಗೈ ಚಾಚಿಕೊಂಡು. ಅಕ್ಕ ನಡುವೆ ನುಗ್ಗಿ ಮಗುವನ್ನು ಬರಸೆಳೆದುಕೊಂಡಳು.

“ಚಿಕ್ಕಮ್ಮ ಕರೆದರೆ ಹೋಗಬೇಡ. ಇನ್ನು ಯಾವತ್ತೂ ಹೋಗಬೇಡ,” ಎಂದು ಮಗುವನ್ನು ಎತ್ತಿಕೊಂಡು, ತಿರುಗಿಯೂ ನೋಡದೆ ಬಾಗಿಲ ಕಡೆ ಓಡಿದಳು.

ಮಗುವಿನ ದನಿ ಕೇಳಿದಾಗಲೇ ತಂಗಿ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿ, ಆ ಅಚ್ಚಿಗೆ ಮೈ ಅಡ್ಡ ಕೊಟ್ಟು ನಿಂತುಬಿಟ್ಟಿದ್ದಳು. ಅಕ್ಕ ಅದನ್ನು ನೋಡಲೇ ಇಲ್ಲ.