ಜೋಗುಳದ ಜಾಗದಲ್ಲಿ ಕತ್ತೆ

ಇಳಿಬಿಸಿಲು ರೇಣುಕಕ್ಕನ ಕೋಣೆಯೊಳಗೆ ಜೋಳದ ಹಿಟ್ಟಿನಂತೆ ತೇಲುತ್ತಿತ್ತು. ಕನ್ನೊಳ್ಳಿಯ ಚಂದವ್ವ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಫೋನು, ಫೋನಿನಲ್ಲಿ ಕತ್ತೆ. ಕತ್ತೆ ಮನಸಾರೆ ಅರಚುತ್ತಿತ್ತು.

"ರೇಣುಕಾ, ನಾ ಇನ್ನ ಹಾಡಾಕ ಬಾಯಿ ತಗಿಯಂಗಿಲ್ಲವಾ. 'ನಮ್ಮ ಮನಿ ಅಂಗಳದ ಜೋಗುಳ' ಅಂತ ಬರದು ಪದ ಹಾಕಿದ್ದೆ. ಒತ್ತಿದ್ರ ಇದು ಬರಾಕತ್ತೈತಿ! ಊರ ಮಂದಿ ನಗಾಕತ್ತಾರ. ಎಲ್ಲಾ ಅಳಿಸಿಬಿಡು."

ಸಿಂದಗಿಯ ಆ ಕೋಣೆಯಿಂದಲೇ ಅಕ್ಕ 'ಪದದ ಚಾವಡಿ' ಎಂಬ ಆನ್‌ಲೈನ್ ವೇದಿಕೆ ನಡೆಸುತ್ತಿದ್ದಳು. ಹಾಡಿನ ವಿಡಿಯೊವನ್ನು 'ಹೊಳೆ' ಇಲ್ಲವೇ 'ಅಲೆ' ಎಂಬ ತಾಣಕ್ಕೆ ಏರಿಸಿ, ಚಾವಡಿಯ ಬರಹದಲ್ಲಿ ತಾಣದ ಹೆಸರು, ವಿಡಿಯೊದ ನಂಬರು ಹಾಕಿದರೆ ಅಲ್ಲೇ ಹಾಡು ತೆರೆದುಕೊಳ್ಳುತ್ತಿತ್ತು. ಹೆಚ್ಚು ಓಟು ಬಿದ್ದ ಹಾಡಿಗೆ ಬಹುಮಾನವೂ ಇತ್ತು. ಚಾವಡಿಯ ಕಳ್ಳರನ್ನು ಹಿಡಿಯುವವಳೂ ಅವಳೇ. ನಾನು ಸಿದ್ಧರಾಮ, ಅವಳ ಬಲಗೈ. ಹೀರೋ ಅವಳಾದರೂ ಡೈಲಾಗೆಲ್ಲ ನನ್ನವು.

ಅಕ್ಕ ಪುಟ ತೆರೆದಳು. 'ನಮ್ಮ ಮನೆ ಅಂಗಳದ ಜೋಗುಳ.' ಅದರ ಕೆಳಗೆ 'ಹೊಳೆ' ಹೋಗಿ 'ಅಲೆ' ಬಂದಿತ್ತು, ನಂಬರೂ ಬೇರೆ. ಅಕ್ಕ ಅದನ್ನೇ ನೋಡುತ್ತ ಕನಸಿನಲ್ಲಿದ್ದವಳಂತೆ ಕೂತಳು.

ಬರಹ ತಿದ್ದುವ ಪಾಸ್‌ವರ್ಡ್ ಒಂದೇ. ಅಕ್ಕನನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನನಗೆ, ಮುದ್ದೇಬಿಹಾಳದ ನಿಯಾಜನಿಗೆ, ಇಂಡಿ ಊರಿನ ಅರುಣಕುಮಾರ ಮಾಸ್ತರರಿಗೆ. ಭಾನುವಾರ ಚಂದವ್ವನನ್ನೂ ಸೇರಿಸಿ ಎಲ್ಲರನ್ನೂ ಕರೆಸಿದಳು.

"ಸಾಲಿ ಸೂಟಿ ಏನ್ರಿ ಸರ?" ಎಂದೆ.

"ಸಾಲಿ ಅಲ್ಲಪ್ಪ, ಶಾಲೆ," ಎಂದರು ಮಾಸ್ತರರು.

ನಿಯಾಜ ನನ್ನತ್ತ ಬೆರಳು ಮಾಡಿದ. "ಇವಂದ ಕೆಲಸ ಇದು. ಕತ್ತಿ ಕಂಡ್ರ ಇವಗ ತಮ್ಮನ್ನ ಕಂಡಂಗ ಆಗ್ತೈತಿ."

"ಲೇ ನಿಯಾಜ, ಈ ಸಿದ್ಧ ಕತ್ತಿ ಬಿಟ್ರ ಅದು ಸ್ಲೋ ಮೋಷನ್ನಾಗ ಬರ್ತೈತಿ, ಹಿಂದ ಧೂಳ ಏಳತೈತಿ. ಇದು ಸುಮ್ನ ನಿಂತೈತಿ. ನಂದಲ್ಲ!"

"ಹಂಗಾರ ಸರನ ಕೇಳು. ಓಟಿನಾಗ ಚಂದವ್ವ ಮೊದಲ, ಎರಡನೇದಾಕಿ ಸರನ ತಂಗಿ ಕಾವೇರಿನೇ."

"ನನ್ನ ಮೇಲೆ ಸಂಶಯವೇ?" ಎಂದು ಮಾಸ್ತರರು ನಕ್ಕರು.

ಫ್ಯಾನು ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ಅಕ್ಕ ಮೆಲ್ಲಗೆ ಕೇಳಿದಳು, "ಸರ, ವಿಡಿಯೊ ಬದಲ್ಸಿದ್ರಿ, ಆತು. ಚಂದವ್ವ ಬರದ 'ಮನಿ' ನಿಮಗೇನ ಮಾಡಿತ್ತು?"

"'ಮನಿ' ತಪ್ಪಲ್ಲವೇ? ಹಾಗೇ ಬಿಡೋಕಾಗತ್ತ..."

ಮಾಸ್ತರರು ನಾಲಿಗೆ ಕಚ್ಚಿಕೊಂಡರು.

"ಚಂದವ್ವ ಬರದದ್ದು 'ಮನಿ'," ಅಕ್ಕ ನಮ್ಮತ್ತ ತಿರುಗಿದಳು. "ಪುಟದಾಗ ಇದ್ದದ್ದು 'ಮನೆ'. ಚ್ಯಾಷ್ಟಿ ಮಾಡಾವ ಕತ್ತಿ ಹಾಕಿ ಓಡಿಹೋಗ್ತಾನ. ಸಿದ್ಧಗ, ನಿಯಾಜಗ 'ಮನಿ' ತಪ್ಪು ಅಂತನೇ ಗೊತ್ತಿಲ್ಲ. ಕತ್ತಿ ಹಾಕೋ ಅವಸರದಾಗೂ ಅಕ್ಷರ ತಿದ್ದಾವ್ರು ಒಬ್ಬರೇ."

ಮಾಸ್ತರರು ತಲೆ ತಗ್ಗಿಸಿದರು. "ಕಾವೇರಿ ಗೆಲ್ಲಲಿ ಅಂತ... ಆಕಿಗೆ ಇದು ಗೊತ್ತಿಲ್ಲ. ಚಂದವ್ವ, ನನ್ನದು ತಪ್ಪಾಯ್ತು."

ಅಕ್ಕ ತಾಣದ ಹಳೆಯ ಹೆಸರು, ನಂಬರು ಹಾಕಿದಳು. 'ಹೊಳೆ'ಯಿಂದ ಜೋಗುಳ ಹರಿದು ಬಂತು. ಕೋಣೆ ತೊಟ್ಟಿಲಾಯಿತು. ನಾನು ಎದ್ದು ಫ್ಯಾನು ಆರಿಸಿದೆ.

"ಅಳಿಸಲೇನವಾ?" ಅಕ್ಕ ಕೇಳಿದಳು.

ಚಂದವ್ವ ಪರದೆಯಲ್ಲಿದ್ದ ತನ್ನನ್ನೇ ಹುಬ್ಬು ಗಂಟಿಕ್ಕಿ ನೋಡಿದಳು.

"ತಡಿ. ಇಲ್ಲಿ ನನಗ ಉಸರ ಸಾಲಲಿಲ್ಲ. ಇದು ಹಿಂಗಲ್ಲ," ಎಂದು ಕಣ್ಣು ಮುಚ್ಚಿ, ವಿಡಿಯೊಗಿಂತ ಮೆಲ್ಲಗೆ ಹಾಡತೊಡಗಿದಳು.